ತೊಂಬತ್ತು ಕುಣಿಕೆಯ ಟೊಪ್ಪಿಗೆ

ಎಣಿಸಿ ನೋಡಲಾಗದ ಯಾವುದನ್ನೂ ನಾನು ನಂಬಿದವಳಲ್ಲ. ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದು ಸುದ್ದಿಯಾದರೆ ಎಷ್ಟು ದಿನದಿಂದ, ಎಷ್ಟು ಸಲ, ಎಷ್ಟು ಗಂಟೆಗೆ ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಹದಿಮೂರನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಅಂಕಿಗಳೇ ಹೆಚ್ಚು. ಓದಿದ ಪುಟ, ನಡೆದ ದೂರ, ಹೆಣೆದ ಸುತ್ತು. ಅಂದಾಜಿನ ಅಂಕಿಯಾದರೆ ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು ಎಂಬುದು ನಾನೇ ಮಾಡಿಕೊಂಡ ನಿಯಮ. ಈ ನಿಯಮ ಒಂದೇ ಒಂದು ಸಲ ತಪ್ಪಿತು. ಈಗ ಹೇಳಹೊರಟಿರುವುದು ಅದರ ಕಥೆ. ಓದಿದವರು ನನ್ನನ್ನು ಭ್ರಮೆಯವಳು ಎಂದರೂ ಚಿಂತೆಯಿಲ್ಲ. ಭ್ರಮೆ ಎನ್ನುವುದಾದರೆ ನನ್ನ ತಪ್ಪು ಅಷ್ಟು ಹಗುರವಾಗುತ್ತದೆ, ಆದರೆ ತಪ್ಪಂತೂ ಭ್ರಮೆಯಲ್ಲ.

1979ರ ಜನವರಿ. ನನಗೆ ಆಗ ಹತ್ತೊಂಬತ್ತು. ರಾಯಚೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದೆ. ಸಂಕ್ರಮಣದ ಮರುದಿನ, ಹದಿನೈದನೇ ತಾರೀಖು ಸೋಮವಾರ, ನಾವು ಹನ್ನೆರಡು ಹುಡುಗಿಯರು ಒಬ್ಬ ಟೀಚರ್ ಜೊತೆ ನಡೆದು ಹೊರಟೆವು. ರಾಯಚೂರಿನಿಂದ ಕಲ್ಲೂರು, ಮಾನ್ವಿ, ಹಿರೇಕೊಟ್ನೆಕಲ್, ಸಿರವಾರ, ಕೊನೆಗೆ ದೇವದುರ್ಗ, ಹೀಗೆ ಆರು ದಿನದ ದಾರಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರಿ ಎಂದು ಊರೂರಲ್ಲಿ ಹೇಳುವುದು, ರಾತ್ರಿ ಊರ ಶಾಲೆಯಲ್ಲಿ ಮಲಗುವುದು.

ನಾನು ದಾರಿಯುದ್ದಕ್ಕೂ ಟೊಪ್ಪಿಗೆ ಹೆಣೆಯುತ್ತ ನಡೆದೆ. ಅಪ್ಪನಿಗೆ ದಮ್ಮು, ಚಳಿಗಾಲದ ಬೆಳಗಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೂರುತ್ತಿದ್ದರು. ಅವರಿಗಾಗಿ ಕಂದು ಮತ್ತು ಬಿಳಿ ಉಲನ್ ತೆಗೆದುಕೊಂಡಿದ್ದೆ. ಎರಡು ಬಣ್ಣದ ಎಳೆ ಒಟ್ಟಿಗೆ ಒಯ್ದು ಚಿತ್ತಾರ ತೆಗೆಯುವುದನ್ನು ಕಲಿಸಿದವಳು ರಬಿಯಾ. ನನ್ನದೇ ತರಗತಿಯವಳು, ಅವಳ ಅಪ್ಪನದು ಬಜಾರಿನಲ್ಲಿ ದಾರ-ಗುಂಡಿಯ ಅಂಗಡಿ. ಮನೆಯಲ್ಲಿ ದಖನಿ ಮಾತಾಡುವವಳು, ನನ್ನ ಜೊತೆ ಮಾತ್ರ ನನಗಿಂತ ಜೋರಾದ ಕನ್ನಡ. ಆ ಚಿತ್ತಾರಕ್ಕೆ ಅವಳೇ ಶಂಕರಪಾಳಿ ಎಂದು ಹೆಸರಿಟ್ಟಿದ್ದಳು, ಎಣ್ಣೆಯಲ್ಲಿ ಕರಿದ ಆ ತಿನಿಸಿನ ಹಾಗೆಯೇ ನಾಲ್ಕು ಮೂಲೆ ಇತ್ತು.

ಸ್ವಲ್ಪ ವಿವರ ಹೇಳಲೇಬೇಕು, ಮುಂದಿನದು ತಿಳಿಯಲು ಬೇಕಾಗುತ್ತದೆ. ಟೊಪ್ಪಿಗೆಯನ್ನು ಕಾಲುಚೀಲದ ಹಾಗೆ ನಾಲ್ಕು ಸೂಜಿಯಲ್ಲಿ ಸುತ್ತುಸುತ್ತಾಗಿ ಹೆಣೆಯುತ್ತಾರೆ. ಮೂರು ಸೂಜಿಯ ಮೇಲೆ ಕುಣಿಕೆಗಳು ಕೂತಿರುತ್ತವೆ, ನಾಲ್ಕನೆಯದು ಕೈಯಲ್ಲಿ ಓಡಾಡುತ್ತದೆ. ಒಂದೊಂದು ಸೂಜಿಗೆ ಮೂವತ್ತೆರಡು, ಒಟ್ಟು ತೊಂಬತ್ತಾರು ಕುಣಿಕೆ. ಒಂದು ಶಂಕರಪಾಳಿಗೆ ಎಂಟು ಕುಣಿಕೆ, ಹಾಗಾಗಿ ಸುತ್ತಿಗೆ ಹನ್ನೆರಡು ಶಂಕರಪಾಳಿ. ಒಂದು ಕುಣಿಕೆ ಕಡಿಮೆಯಾದರೂ ಚಿತ್ತಾರ ಕೂಡುವುದಿಲ್ಲ, ಕೂಡಲೇ ಕಣ್ಣಿಗೆ ಬೀಳುತ್ತದೆ. ಎಳೆಗಳು ಸಿಕ್ಕಾಗದಿರಲಿ ಎಂದು ಕಂದು ಉಂಡೆಯನ್ನು ಬಲಹೆಗಲ ಚೀಲದಲ್ಲೂ ಬಿಳಿಯದನ್ನು ಎಡಹೆಗಲ ಚೀಲದಲ್ಲೂ ಇಟ್ಟುಕೊಂಡಿದ್ದೆ. ದಿನವೂ ಬೆಳಿಗ್ಗೆ ಹೊರಡುವ ಮುಂಚೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಕುಣಿಕೆ ಎಣಿಸಿ ಬರೆಯುತ್ತಿದ್ದೆ.

“ಲೇ, ಊಟಕ್ಕ ಕುಂತಾಗ ಅನ್ನದ ಅಗಳರ ಎಣಸದ ಬಿಡ್ತೀಯೋ ಇಲ್ಲೋ?” ಎಂದು ರಬಿಯಾ ಕಾಡಿಸುತ್ತಿದ್ದಳು. “ನಿನ್ನ ಗಂಡನ ಗತಿ ಏನವ್ವಾ. ಒಂದು ಹಲ್ಲು ಬಿದ್ರ ಪುಸ್ತಕದಾಗ ಬರೀತಿ.”

ಸೋಮವಾರ ಎಂಟು ಸುತ್ತು, ಮಂಗಳವಾರ ಹನ್ನೆರಡು. ಎರಡೂ ರಾತ್ರಿ ತೊಂಬತ್ತಾರು ಎಂದು ಬರೆದಿದೆ. ಪುಸ್ತಕ ಈಗಲೂ ನನ್ನ ಮುಂದಿದೆ.

ಬುಧವಾರ ಬೆಳಿಗ್ಗೆ ಮಾನ್ವಿ ಬಿಟ್ಟು ಹೊರಟಾಗ ಒಂದು ಕುರಿಹಿಂಡು ಜೊತೆಯಾಯಿತು. ಹಿಂಡಿನ ಮುಂದೆ ನಿಂಗಪ್ಪ ಎಂಬವನು, ಹಿಂದೆ ಅವನ ಹೆಂಡತಿ ಮಾಳವ್ವ. ಆಕೆಗೆ ಐವತ್ತರ ಮೇಲೆ ವಯಸ್ಸಿರಬೇಕು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನೂಲುವ ಕದಿರು. ನಡೆಯುತ್ತಲೇ ಕುರಿಯ ಉಣ್ಣೆಯನ್ನು ನೂಲುತ್ತಿದ್ದಳು. ನಾನು ನಡೆಯುತ್ತಲೇ ಹೆಣೆಯುತ್ತಿದ್ದೆ. ಇಬ್ಬರೂ ಒಬ್ಬರ ಕೈಯನ್ನು ಒಬ್ಬರು ನೋಡಿ ನಕ್ಕೆವು.

“ಯಾರಿಗವ್ವಾ ಕುಲಾವಿ? ಕೂಸಿಗೇನು?”

“ನಮ್ಮಪ್ಪಗ.”

“ಅಷ್ಟ ದೊಡ್ಡ ತಲಿ ಅದ ಏನು ನಿಮ್ಮಪ್ಪಂದು!” ಎಂದು ಟೊಪ್ಪಿಗೆಯ ಒಳಗೆ ಮುಷ್ಟಿ ಹಾಕಿ ತಿರುಗಿಸಿ ನೋಡಿದಳು. “ಚಂದ ಅದ. ಹಿಂಗ ಎರಡು ಬಣ್ಣ ಕೂಡಸಾದು ನಮಗ ಬರಂಗಿಲ್ಲ ನೋಡು.”

ಕುರಿಗಳು ಸಿರವಾರದ ಹತ್ತಿರದ ಹಳ್ಳಿಯೊಂದರ ಗೌಡರವು. ಮೇಯಿಸುವುದು ಇವರು, ಹುಟ್ಟಿದ ಮರಿಗಳಲ್ಲಿ ಇವರಿಗೊಂದು ಪಾಲು. ಇಷ್ಟು ವರ್ಷ ಪಾಲಿನ ಮರಿಗಳೆಲ್ಲ ಮಗಳ ಮದುವೆಗೆ, ಔಷಧಕ್ಕೆ ಹೋಗಿದ್ದವು. ಈ ವರ್ಷ ಮೊದಲ ಸಲ ಆರು ಹೆಣ್ಣುಮರಿಗಳನ್ನು ಮಾರದೆ ಉಳಿಸಿಕೊಂಡಿದ್ದರು. ಆ ಆರರ ಕೊರಳಿಗೆ ಮಾಳವ್ವ ಕೆಂಪು ದಾರ ಕಟ್ಟಿದ್ದಳು. ಅವನ್ನು ಒಂದೊಂದಾಗಿ ನನಗೆ ತೋರಿಸಿದಳು, ಒಂದೊಂದಕ್ಕೂ ಹೆಸರಿತ್ತು. “ಇವು ಆರು ನನ್ನವು. ಇವು ಈದ್ವು ಅಂದ್ರ ಯಾರ ಹಿಂಡಿನ ಹಿಂದೂ ನಾ ತಿರಗಂಗಿಲ್ಲ” ಎಂದಳು.

ಒಟ್ಟು ಎಷ್ಟು ಕುರಿ ಎಂದು ನಾನು ಕೇಳಿದೆ. ಮಾಳವ್ವನ ಮುಖ ಸಣ್ಣದಾಯಿತು.

“ನಾವು ಕುರಿ ಎಣಸಂಗಿಲ್ಲ ಯವ್ವಾ. ಎಣಿಸಿದ್ರ ಕಡಿಮಿ ಆಗ್ತಾವ.”

“ಮತ್ತ ಒಂದು ಕಳದ್ರ ಹ್ಯಾಂಗ ಗೊತ್ತಾಗ್ತದ?”

“ಮಾರಿ ಗೊತ್ತಲ್ಲ! ನಿಮ್ಮ ಮನ್ಯಾಗ ಸಂಜಿಗೆ ಯಾರು ಬಂದಿಲ್ಲ ಅಂತ ಎಣಿಸಿ ನೋಡ್ತಾರೇನು?”

ರಬಿಯಾ ಚಪ್ಪಾಳೆ ತಟ್ಟಿ ನಕ್ಕಳು. “ಈಕಿ ಎಣಿಸಿ ನೋಡ್ತಾಳ, ಬಡೀ ಅಮ್ಮಾ!” ನನಗೆ ಅವಮಾನವಾದಂತಾಯಿತು. ಇಷ್ಟು ಸಣ್ಣ ಸಂಗತಿ. ಆದರೆ ಮುಂದಿನದಕ್ಕೆಲ್ಲ ಕಾರಣ ಅದೇ ಎಂದು ನಾನು ಪ್ರಾಮಾಣಿಕವಾಗಿ ಹೇಳಬೇಕು. ಎಣಿಸಿದರೆ ಕಡಿಮೆಯಾಗುವುದಿಲ್ಲ ಎಂದು ತೋರಿಸಿಯೇ ಬಿಡಬೇಕು ಎನಿಸಿತು.

ಮುಂದೆ ಒಂದು ಕಾಲುವೆ ಅಡ್ಡ ಬಂತು. ದಾಟಲು ಎರಡು ಚಪ್ಪಡಿ ಕಲ್ಲು ಹಾಸಿದ್ದರು, ಅಗಲ ಒಂದು ಕುರಿ ಹೋಗುವಷ್ಟೇ. ನೀರು ಜೋರಾಗಿ ಹರಿಯುತ್ತಿತ್ತು. ಕುರಿಗಳು ಹೆದರಿ ಒಂದೊಂದಾಗಿ, ತಡೆದು ತಡೆದು ದಾಟತೊಡಗಿದವು. ನಾನು ಈಚೆ ದಡದಲ್ಲಿ ಒಂದು ಕಲ್ಲಿನ ಮೇಲೆ ಕೂತೆ. ಇಪ್ಪತ್ತೊಂದನೆಯ ಸುತ್ತು ಆಗಷ್ಟೇ ಶುರುವಾಗುವುದಿತ್ತು. ಒಂದು ಕುರಿ ದಾಟಿದರೆ ಒಂದು ಕುಣಿಕೆ ಹೆಣೆಯುವುದು ಎಂದುಕೊಂಡೆ. ತೊಂಬತ್ತಾರಕ್ಕೆ ಒಂದು ಸುತ್ತು, ಮೇಲಿನದು ಮುಂದಿನ ಸುತ್ತಿನಲ್ಲಿ. ತಪ್ಪುವ ಮಾತೇ ಇಲ್ಲ.

ಅರವತ್ತರವರೆಗೆ ಸರಿಯಾಗಿ ನಡೆಯಿತು. ಅರವತ್ತೊಂದನೆಯದಕ್ಕೆ ಕಂದು ಎಳೆ ಗಂಟಾಗಿ ನಿಂತಿತು. ತಲೆ ತಗ್ಗಿಸಿ ಬಿಚ್ಚಲು ನೋಡಿದೆ, ಬಿಚ್ಚಲಿಲ್ಲ. ಗಂಟನ್ನು ಹಾಗೆಯೇ ಒಳಮೈಗೆ ಸರಿಸಿ ತಲೆ ಎತ್ತಿದಾಗ ಕಲ್ಲಿನ ಮೇಲೆ ಒಂದು ಕುರಿ ಇತ್ತು. ಈ ನಡುವೆ ಎಷ್ಟು ದಾಟಿದವೋ ನಾನು ನೋಡಿರಲಿಲ್ಲ. ಆರು ಇರಬಹುದು ಎಂದುಕೊಂಡೆ. ಆರು ಎಂದು ಯಾಕೆ ಬಂತೋ, ಕೆಂಪು ದಾರದ ಆ ಆರು ತಲೆಯಲ್ಲಿ ಇದ್ದವೋ ಏನೋ. ಬೇಗಬೇಗ ಆರು ಕುಣಿಕೆ ಹೆಣೆದು, ಅರವತ್ತೇಳರಿಂದ ಮತ್ತೆ ಎಣಿಕೆ ಹಿಡಿದೆ. ಕೊನೆಯ ಕುರಿ ದಾಟಿದಾಗ ಒಂದು ಸುತ್ತು ಮುಗಿದು ಮೇಲೆ ನಲವತ್ತೇಳು ಆಗಿತ್ತು.

ಅಲ್ಲೇ ಪುಸ್ತಕ ತೆಗೆದು ಬರೆದೆ: “ಕುರಿ, 143.” ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ. ರಬಿಯಾ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅವಳ ಮುಂದೆ ಆ ಚಿಹ್ನೆ ಹಾಕಲು ನನಗೆ ಆಗಲಿಲ್ಲ. ಮಾಳವ್ವನಿಗೂ ಕೂಗಿ ಹೇಳಿದೆ. ಆಕೆ ಕದಿರು ಸೊಂಟಕ್ಕೆ ಸಿಕ್ಕಿಸಿ, ದೃಷ್ಟಿ ತೆಗೆಯುವ ಹಾಗೆ ನೆಲದ ಮಣ್ಣು ಒಂದು ಚಿಟಿಕೆ ತೆಗೆದು ಹಿಂಡಿನ ಕಡೆ ತೂರಿದಳು.

ಆ ದಿನ ಒಟ್ಟು ಒಂಬತ್ತು ಸುತ್ತು ಹೆಣೆದೆ. ರಾತ್ರಿ ಹಿರೇಕೊಟ್ನೆಕಲ್ಲಿನ ಶಾಲೆಯಲ್ಲಿ ಲಾಟೀನಿನ ಬೆಳಕಿನಲ್ಲಿ ಎಣಿಸಿದೆ, ತೊಂಬತ್ತಾರು. ಗುರುವಾರ ಬೆಳಿಗ್ಗೆ ಹೊರಡುವ ಮುಂಚೆಯೂ ತೊಂಬತ್ತಾರು. ಎರಡೂ ಬರೆದಿವೆ.

ಹಿಂಡು ಊರ ಹೊರಗೆ ಕೊಯ್ಲಾದ ಗದ್ದೆಯಲ್ಲಿ ತಂಗಿತ್ತು, ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಗುರುವಾರ ನಾವು ಆ ದಾರಿಯಲ್ಲೇ ಹೊರಟೆವು. ಗದ್ದೆಯ ಬದುವಿನ ಮೇಲೆ ಗೌಡರು ನಿಂತಿದ್ದರು, ಅವರ ಆಳು ಕುರಿಗಳ ನಡುವೆ ಓಡಾಡುತ್ತಿದ್ದ. ದನಿ ದೂರದಿಂದಲೇ ಕೇಳುತ್ತಿತ್ತು. ದಾರಿಯಲ್ಲಿ ಕುರಿ ಮಾರಿಕೊಂಡಿದ್ದೀರಿ ಎಂದು ಯಾರೋ ಅವರಿಗೆ ಚಾಡಿ ಹೇಳಿದ್ದರು.

“ಒಂದೂ ಕೊಟ್ಟಿಲ್ಲ ಯಪ್ಪಾ. ಬೀರಪ್ಪನಾಣಿ. ಹೊಂಟಾಗ ಎಷ್ಟಿದ್ವೋ ಈಗೂ ಅಷ್ಟ ಅದಾವ” ಎಂದು ಮಾಳವ್ವ ಸೆರಗು ಒಡ್ಡಿ ಹೇಳುತ್ತಿದ್ದಳು.

“ಎಷ್ಟಿದ್ವು? ಹೇಳು ಮತ್ತ, ಎಷ್ಟಿದ್ವು?”

ಆಕೆಗೆ ಆ ಅಂಕಿ ಹೇಳಲು ಬರುತ್ತಿರಲಿಲ್ಲ. ಎಣಿಸಿಯೇ ಇರಲಿಲ್ಲವಲ್ಲ. ಈ ವರ್ಷದ ಮರಿಗಳು ಸೇರಿ ಎಷ್ಟಾದವೆಂಬ ಲೆಕ್ಕ ಗೌಡರ ಬಳಿಯೂ ಇರಲಿಲ್ಲ.

ನಾನು ಸಾಲು ಬಿಟ್ಟು ಬದುವಿನ ಕಡೆ ನಡೆದೆ. ಟೀಚರ್ ಬೇಡವೆಂದರು, ನಾನು ಕೇಳಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬರೆದ ಲೆಕ್ಕವೊಂದು ಆ ಬಡ ಹೆಂಗಸನ್ನು ಉಳಿಸುತ್ತದೆ, ಎಣಿಕೆಯನ್ನು ಕಂಡು ನಕ್ಕವರಿಗೆ ಎಣಿಕೆಯ ಬೆಲೆ ಗೊತ್ತಾಗುತ್ತದೆ ಎಂದು ಹಿಗ್ಗಿನಿಂದ ಹೋದೆ.

“ಗೌಡ್ರ, ನಿನ್ನೆ ಮುಂಜಾನೆ ಕಾಲುವಿ ದಾಟೋವಾಗ ನಾ ಎಣಿಸೀನ್ರಿ” ಎಂದು ಪುಸ್ತಕ ತೆರೆದು ಹಿಡಿದೆ. “ನೂರಾ ನಲವತ್ಮೂರು. ತಾರೀಖು ಹಾಕಿ ಬರದೀನ್ರಿ.”

ಗೌಡರು ಪುಸ್ತಕ ಇಸಿದುಕೊಂಡು ಆ ಸಾಲನ್ನು ನೋಡಿದರು. ಹಿಂದಿನ ಪುಟ ತಿರುವಿ ಮೈಲಿಗಲ್ಲು, ಸುತ್ತು, ಕುಣಿಕೆ ಎಲ್ಲ ನೋಡಿದರು. ಅವರ ಮುಖದಲ್ಲಿ ಮೆಚ್ಚುಗೆ ಕಂಡಿತು.

“ಶ್ಯಾಣೇರದೀರಿ. ಹಿಂಗ ಬರದಿಡಬೇಕು” ಎಂದರು. ಆಮೇಲೆ ಆಳಿನ ಕಡೆ ತಿರುಗಿ, “ಈಗ ನೀ ಎಣಿಸಿದ್ದು ಎಷ್ಟಲೇ?”

“ನೂರಾ ಮೂವತ್ತೇಳ್ರಿ. ಎಲ್ಡು ಸಲ ಎಣಿಸೀನ್ರಿ.”

ಆರು.

ಓದುಗರೇ, ಆ ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು. ಅರವತ್ತೊಂದರಿಂದ ಅರವತ್ತಾರರವರೆಗಿನ ಆ ಆರು ಕುರಿ ಇರಲೇ ಇಲ್ಲ. ನಾನು ಗಂಟಿನ ಜೊತೆ ಗುದ್ದಾಡುತ್ತಿದ್ದಾಗ ಒಂದೂ ದಾಟಿರಲಿಲ್ಲ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. “ಗೌಡ್ರ, ನಡುವ ನನ್ನ ಎಣಿಕಿ ತಪ್ಪಿತ್ರಿ.” ಐದಾರು ಶಬ್ದ. ಆದರೆ ಗೌಡರ ಮೆಚ್ಚುಗೆ ಇನ್ನೂ ನನ್ನ ಮೇಲಿತ್ತು, ಹಿಂದೆ ಹನ್ನೊಂದು ಹುಡುಗಿಯರು ನಿಂತಿದ್ದರು, ಟೀಚರ್ ಇದ್ದರು. ನಾನು ಸುಮ್ಮನಿದ್ದೆ.

ಗೌಡರು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಆರಕ್ಕೆ ಆರು ಎಂದರು, ಅಷ್ಟೇ. ಕೆಂಪು ದಾರದ ಮರಿಗಳನ್ನು ಹಿಡಿದು ತರಿಸಿ, ದಾರಗಳನ್ನು ಮಾಳವ್ವನ ಕೈಯಿಂದಲೇ ಬಿಚ್ಚಿಸಿದರು. ಆಕೆ ಗಂಟು ಬಿಚ್ಚುತ್ತ ಒಂದೊಂದು ಮರಿಯ ಹೆಸರು ಹಿಡಿದು ಏನೋ ಅಂದಳು, ಕೇಳಿಸಲಿಲ್ಲ. ನಿಂಗಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಕೊನೆಯದನ್ನು ಬಿಚ್ಚಿ ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು. ಬರಿದೇ ನೋಡಿದಳು. ನಾನು ಪುಸ್ತಕ ಚೀಲಕ್ಕೆ ಹಾಕಿಕೊಂಡು ಸಾಲು ಸೇರಿದೆ.

ಆಮೇಲೆ ನಾನು ಹೆಣೆಯುತ್ತ ನಡೆದೆ. ನಾಲ್ಕು ಮೈಲಿಗಲ್ಲು ದಾಟಿದ ಮೇಲೆ, ನೆತ್ತಿಯ ಮೇಲೆ ಸೂರ್ಯ ಬಂದಾಗ, ಒಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಲು ಕೂತೆವು. ಆ ಸುತ್ತು ಮುಗಿಸೋಣವೆಂದು ನೋಡಿದರೆ ಚಿತ್ತಾರ ಕೂಡಲಿಲ್ಲ. ಬಿಳಿ ಬರಬೇಕಾದ ಕಡೆ ಕಂದು ಇತ್ತು. ಕುಣಿಕೆ ಬಿಟ್ಟುಹೋಗಿರಬೇಕು ಎಂದುಕೊಂಡು ಎಣಿಸಿದೆ. ಮೊದಲ ಸೂಜಿಯಲ್ಲಿ ಮೂವತ್ತೆರಡು. ಎರಡನೆಯದರಲ್ಲಿ ಇಪ್ಪತ್ತೆಂಟು. ಮೂರನೆಯದರಲ್ಲಿ ಮೂವತ್ತು.

ತೊಂಬತ್ತು.

ಹೆಣಿಗೆ ಗೊತ್ತಿದ್ದವರಿಗೆ ಹೇಳುತ್ತೇನೆ. ಕುಣಿಕೆ ಬಿಟ್ಟುಹೋದರೆ ಕೆಳಗಿನವರೆಗೆ ಏಣಿಯ ಹಾಗೆ ಬಿಚ್ಚಿಕೊಂಡಿರುತ್ತದೆ. ಎರಡನ್ನು ಕೂಡಿಸಿ ಒಂದು ಮಾಡಿದ್ದರೆ ಅಲ್ಲಿ ಗುರುತು ಉಳಿಯುತ್ತದೆ. ಎರಡೂ ಇರಲಿಲ್ಲ. ಟೊಪ್ಪಿಗೆಯನ್ನು ಒಳಗು ಹೊರಗು ಮಾಡಿ, ಸೂಜಿಯ ತುದಿಯಿಂದ ಒಂದೊಂದೇ ಎಳೆ ಎತ್ತಿ ನೋಡಿದೆ. ಹೊಸ ಸುತ್ತುಗಳಷ್ಟೇ ಅಲ್ಲ, ನಿನ್ನೆ ಹೆಣೆದ ಸುತ್ತುಗಳೂ ತೊಂಬತ್ತೇ ಇದ್ದವು. ನಿನ್ನೆ ರಾತ್ರಿ ತೊಂಬತ್ತಾರು ಎಂದು ಬರೆದ ಅದೇ ಸುತ್ತುಗಳು. ಇಪ್ಪತ್ತನೆಯ ಸುತ್ತಿನವರೆಗೆ ಸರಿಯಾಗಿ ತೊಂಬತ್ತಾರು, ಹನ್ನೆರಡು ಶಂಕರಪಾಳಿ. ಇಪ್ಪತ್ತೊಂದನೆಯದರಿಂದ ಮೇಲೆ ತೊಂಬತ್ತು. ಆ ಸುತ್ತಿನ ಒಳಮೈಯಲ್ಲಿ ನಾನು ಬಿಚ್ಚಲಾಗದೆ ಬಿಟ್ಟ ಕಂದು ಗಂಟು ಇತ್ತು. ಗಂಟಿಗಿಂತ ಹಿಂದೆ ಅರವತ್ತು ಕುಣಿಕೆ, ಮುಂದೆ ಮೂವತ್ತು. ಗಂಟಿನ ಬಳಿ ಅರ್ಧ ಶಂಕರಪಾಳಿಯೊಂದು ಇನ್ನೊಂದರ ತುಂಡಿಗೆ ಅಂಟಿಕೊಂಡಿತ್ತು, ಯಾವಾಗಲೂ ಹಾಗೆಯೇ ಇತ್ತು ಎನ್ನುವಂತೆ.

ಕುರಿಯಿಲ್ಲದೆ ಹೆಣೆದ ಆ ಆರು ಕುಣಿಕೆಗಳು ಮಾತ್ರ ಇರಲಿಲ್ಲ.

ರಬಿಯಾಳ ಕೈಗೆ ಕೊಟ್ಟು ಎಣಿಸು ಎಂದೆ. ಅವಳು ನಗುತ್ತಲೇ ಶುರು ಮಾಡಿದಳು. ಮುಗಿಸುವಾಗ ನಗುತ್ತಿರಲಿಲ್ಲ. “ತೊಂಬತ್ತು” ಎಂದಳು. “ಮಂಗಳವಾರ ನಾನ ಎಣಿಸಿ ಕೊಟ್ಟಿದ್ನೆಲ್ಲ, ಹನ್ನೆರಡು ಶಂಕರಪಾಳಿ. ಏನು ಮಾಡಿದಿ ಲೇ ಇದಕ್ಕ?”

ಆಗ ಕಾಲುವೆಯ ಹತ್ತಿರ ಮಾಡಿದ್ದನ್ನು ಅವಳಿಗೆ ಹೇಳಿದೆ. ಅವಳು ಟೊಪ್ಪಿಗೆಯನ್ನು ನನ್ನ ಮಡಿಲಲ್ಲಿ ಇಟ್ಟು, ಕೈ ಸೆರಗಿಗೆ ಒರೆಸಿಕೊಂಡಳು. “ತೋಬಾ ತೋಬಾ” ಎಂದಳು. ಆಮೇಲೆ ಬುತ್ತಿಯ ಗಂಟು ಕಟ್ಟಿ, “ಏಳು. ನಾಲ್ಕು ಕಲ್ಲು ಏನು ದೊಡ್ಡದು? ಟೀಚರ್‌ಗೆ ನಾ ಹೇಳ್ತೀನಿ. ನಿನ್ನ ಜೋಡಿ ನಾ ಬರ್ತೀನಿ, ಹೋಗಿ ಗೌಡಗ ಹೇಳಿ ಬರಾಣು.”

ಕಾಲಿಗೆ ಬೊಕ್ಕೆ ಎದ್ದಿದೆ ಎಂದೆ. ಎದ್ದಿತ್ತು, ಸುಳ್ಳಲ್ಲ. ಆದರೆ ಅದೇ ಕಾಲಿನಿಂದ ಇನ್ನೂ ಎರಡೂವರೆ ದಿನ ನಡೆದು ದೇವದುರ್ಗ ಮುಟ್ಟಿದೆ. ದಾರಿಯಲ್ಲಿ ರಬಿಯಾ ಮತ್ತೆ ನನ್ನನ್ನು ಕಾಡಿಸಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಗುರುವಾರ ರಾತ್ರಿ ಸಿರವಾರದ ಶಾಲೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಹಿಂದಿನ ದಿನದ ಪುಟ ತೆರೆದು 143ರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದೇ ಪೆನ್ನು, ಅದೇ ಶಾಯಿ. ಈಗ ಯಾರಾದರೂ ನೋಡಿದರೆ ಆ ಹುಡುಗಿಗೆ ಬರೆಯುವಾಗಲೇ ಅನುಮಾನವಿತ್ತು, ಪ್ರಾಮಾಣಿಕಳು ಎನ್ನುತ್ತಾರೆ. ಆ ಚಿಹ್ನೆ ಹದಿನೇಳನೇ ತಾರೀಖಿನದಲ್ಲ, ಹದಿನೆಂಟರದು. ನನ್ನ ಇಷ್ಟು ವರ್ಷದ ದಿನಚರಿಯಲ್ಲಿ ತಿದ್ದಿದ ಪುಟ ಅದೊಂದೇ.

ಟೊಪ್ಪಿಗೆ ಕೆಟ್ಟಿತು ಎಂದು ಅಪ್ಪನಿಗೆ ಹೇಳಿ ಬಜಾರಿನಿಂದ ಒಂದು ತಂದುಕೊಟ್ಟೆ. ಅರ್ಧ ಹೆಣೆದದ್ದನ್ನು ಸೂಜಿಗಳ ಸಮೇತ ಟ್ರಂಕಿನಲ್ಲಿಟ್ಟೆ.

1982ರ ಜೂನ್‌ನಲ್ಲಿ ಸಿರವಾರದ ಹತ್ತಿರದ ಹಳ್ಳಿಯೊಂದಕ್ಕೆ ನನ್ನ ನೇಮಕವಾಯಿತು. ಎರಡನೆಯ ವಾರವೇ ಸಂತೆಯಲ್ಲಿ ಮಾಳವ್ವ ಸಿಕ್ಕಳು. ಉಣ್ಣೆಯ ನೂಲು ಮಾರಲು ಕೂತಿದ್ದಳು. ನಾನು ಗುರುತು ಹೇಳುವ ಮುಂಚೆಯೇ, “ಕುಲಾವಿ ಹುಡುಗಿ” ಎಂದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮೂರೂವರೆ ವರ್ಷ ಎಷ್ಟು ಸಲ ಬಾಯಲ್ಲಿ ಹೊಂದಿಸಿಕೊಂಡಿದ್ದ ಮಾತು, ಒಂದೂ ನೆಟ್ಟಗೆ ಬರಲಿಲ್ಲ. ಆಕೆ ನೂಲಿನ ಲಡಿಗಳನ್ನು ಸರಿಪಡಿಸುತ್ತ ಕೇಳಿದಳು.

“ನಂಗ ಗೊತ್ತಿತ್ತವ್ವಾ” ಎಂದಳು. “ನಡುವ ಒಂದು ಟಗರು ನೀರು ನೋಡಿ ಕಲ್ಲಿನ ಮ್ಯಾಲೆ ನಿಂತುಬಿಟ್ಟಿತ್ತು. ನೀ ತಲಿ ಬಗ್ಗಿಸಿ ದಾರ ಜಗ್ಗಾಕತ್ತಿದ್ದಿ. ಆವಾಗ ಒಂದೂ ದಾಟಲಿಲ್ಲ. ನಾ ನೋಡಾಕತ್ತಿದ್ನಿ.”

“ಮತ್ತ ಆವತ್ತ ಯಾಕ ಹೇಳ್ಲಿಲ್ಲ ಯವ್ವಾ?”

“ಹೇಳಿದ್ನೆಲ್ಲ. ಒಂದೂ ಕೊಟ್ಟಿಲ್ಲ ಅಂತ ಎಷ್ಟು ಸಲ ಹೇಳ್ದೆ? ಗೌಡ ನಿನ್ನ ಪುಸ್ತಕ ನೋಡ್ದ. ನನ್ನ ಮಾರಿ ನೋಡ್ಲಿಲ್ಲ.”

ನನ್ನ ಸಂಬಳದಿಂದ ಆರು ಮರಿ ಕೊಡಿಸುತ್ತೇನೆ ಎಂದೆ. ಆಕೆ ನಕ್ಕಳು. “ಬ್ಯಾರೆ ಆರು ತಂದ್ರ ನಿನ್ನ ಎಣಿಕಿ ಸರಿ ಆಗ್ತದ. ಮರಿ ಅವ ಆಗ್ತಾವೇನು?” ಎಂದಳು. ಎಷ್ಟು ಹೇಳಿದರೂ ಒಪ್ಪಲಿಲ್ಲ.

ಟೊಪ್ಪಿಗೆಯ ವಿಷಯ ಹೇಳಿದಾಗ ಮಾತ್ರ ಆಕೆಯ ಕೈ ನಿಂತಿತು. ಮುಂದಿನ ಸಂತೆಗೆ ತಂದು ತೋರಿಸಿದೆ. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. “ಪೂರಾ ಮಾಡಿ ನಮ್ಮ ಮನಿಯವಗ ಕೊಡು. ತಲಿ ಬೋಳಾಗೇದ, ಥಂಡಿ ಹಿಡೀತದ” ಎಂದಳು. “ಎಣಸದ ಹೆಣಿ.”

ಆ ರಾತ್ರಿಯೇ ಕೂತೆ. ಮೊದಲು ತಪ್ಪನ್ನು ಸರಿಪಡಿಸೋಣ ಎಂದು ಗಂಟಿನ ನೇರಕ್ಕೆ ಆರು ಕುಣಿಕೆ ಹೊಸದಾಗಿ ಏರಿಸಿ, ತೊಂಬತ್ತಾರು ಮಾಡಿ, ಮೂರು ಸುತ್ತು ಹೆಣೆದು ಮಲಗಿದೆ. ಬೆಳಿಗ್ಗೆ ತೊಂಬತ್ತು. ಏರಿಸಿದ ಗುರುತೂ ಇರಲಿಲ್ಲ. ಎರಡನೆಯ ಸಲ ಏರಿಸುವ ಧೈರ್ಯ ನನಗೆ ಬರಲಿಲ್ಲ. ಮಾಳವ್ವ ಹೇಳಿದ ಹಾಗೆ ಎಣಿಸದೆ ಹೆಣೆಯಲು ಹಲವು ಸಲ ಕೂತಿದ್ದೇನೆ. ಆಗುವುದಿಲ್ಲ. ಬಾಯಿ ಮುಚ್ಚಿಕೊಂಡರೂ ನಾಲಿಗೆ ಒಳಗೆ ಎಣಿಸುತ್ತದೆ. ಎಣಿಸಿದ ಸುತ್ತನ್ನು ಬಿಚ್ಚಿ ಮತ್ತೆ ಉಂಡೆಗೆ ಸುತ್ತುತ್ತೇನೆ.

ಗೌಡರಿಗೆ ಹೇಳಿದರೆ ಏನಾದರೂ ಬದಲಾಗಬಹುದೇ ಎಂಬ ಯೋಚನೆ ನನಗೂ ಬಂದಿತ್ತು, ನಿಮಗೂ ಈಗ ಬಂದಿರಬಹುದು. ನನ್ನ ಶಾಲೆ ಇದ್ದದ್ದು ಅವರ ಊರಿನಲ್ಲೇ, ಅವರ ಮೊಮ್ಮಗಳು ಅಲ್ಲೇ ಓದುತ್ತಿದ್ದಳು. ಎಷ್ಟೋ ಸಲ ಅವರ ಮನೆಗೆ ಹೋಗಿ ಪಡಸಾಲೆಯಲ್ಲಿ ಕೂತು ಮಗುವಿನ ಓದಿನ ಬಗ್ಗೆ ಮಾತಾಡಿ ಎದ್ದು ಬಂದೆ. ನಾಲ್ಕು ವರ್ಷ ಹಾಗೆ ಕಳೆಯಿತು. ಕಳೆದ ವರ್ಷ, 1986ರ ದೀಪಾವಳಿಯ ಮರುವಾರ, ಕೊನೆಗೂ ಹೇಳಿದೆ. ಅವರಿಗೆ ನೆನಪಾಗಲಿಲ್ಲ. ಹಿರೇಕೊಟ್ನೆಕಲ್, ಗದ್ದೆ, ಕೆಂಪು ದಾರ ಎಂದೆಲ್ಲ ಹೇಳಿದೆ. ಹಣೆ ಉಜ್ಜಿಕೊಂಡರು.

“ಆರು ಮರಿ ಸಲುವಾಗಿ ಇಷ್ಟು ವರ್ಷ ಮನಸಿನ್ಯಾಗ ಇಟಗೊಂಡ್ರೇನ್ರಿ ಟೀಚರ್? ಹಿಂಡನ ಮಾರಿಬಿಟ್ಟೀನಿ ನಾ. ಬಿಡ್ರಿ ಅದನ್ನ. ಚಾ ಆರಾಕತ್ತದ, ಕುಡೀರಿ.”

ನಾನು ಕುಡಿದೆ. ಮನೆಗೆ ಬಂದು ಟ್ರಂಕು ತೆಗೆದು ಎಣಿಸಿದೆ. ಅರವತ್ತು, ಗಂಟು, ಮೂವತ್ತು.

ರಬಿಯಾ ಈಗ ರಾಯಚೂರಿನಲ್ಲೇ ಇದ್ದಾಳೆ, ಎರಡು ಮಕ್ಕಳ ತಾಯಿ. ಬೇವಿನ ಮರದ ಕೆಳಗೆ ತಾನು ಎಣಿಸಿದ್ದು ತೊಂಬತ್ತೇ ಎಂದು ಇವತ್ತಿಗೂ ಹೇಳುತ್ತಾಳೆ, ಆದರೆ ಟೊಪ್ಪಿಗೆಯನ್ನು ಮತ್ತೆ ಕೈಯಲ್ಲಿ ಹಿಡಿಯುವುದಿಲ್ಲ. 1979ರ ಆ ಎರಡು ದಿನ ನಾನು ತೊಂಬತ್ತಾರು ಎಂದು ತಪ್ಪಾಗಿ ಬರೆದಿರಬಹುದೇ? ಆ ಸುತ್ತಿನಿಂದ ಮುಂದೆ ಶುರುವಿನಿಂದಲೂ ತೊಂಬತ್ತೇ ಇದ್ದು ನನ್ನ ಕಣ್ಣಿಗೆ ಕಾಣದೆ ಹೋಯಿತೇ? ಹಾಗಿದ್ದರೆ ಇಪ್ಪತ್ತನೆಯ ಸುತ್ತಿನಲ್ಲಿ ಇದ್ದ ಆರು ಕುಣಿಕೆಗಳು ಬಿಚ್ಚದೆ, ಕೂಡದೆ ಮೇಲಿನ ಸುತ್ತಿನಲ್ಲಿ ಎಲ್ಲಿಗೆ ಹೋದವು? ನನಗೆ ತಿಳಿಯದು. ಎಂಟು ವರ್ಷದಿಂದ ತಿಳಿಯದು.

ಮಾಳವ್ವ ಈಗಲೂ ಬೇರೆಯವರ ಹಿಂಡಿನ ಹಿಂದೆಯೇ ನಡೆಯುತ್ತಾಳೆ. ಪ್ರತಿ ಸಂತೆಗೆ ಸಿಗುತ್ತಾಳೆ. ಮರಿಗಳ ಮಾತು ಎತ್ತುವುದಿಲ್ಲ, ಗೌಡರ ಮಾತು ಎತ್ತುವುದಿಲ್ಲ. ಕೇಳುವುದು ಒಂದೇ.

“ಕುಲಾವಿ ಆತೇನವ್ವಾ?”

“ಆಗಾಕತ್ತದ ಯವ್ವಾ. ಇನ್ನ ಸ್ವಲ್ಪ ಉಳದದ” ಎನ್ನುತ್ತೇನೆ.

ಆಕೆ ನನ್ನ ಚೀಲದ ಕಡೆ ನೋಡುವುದಿಲ್ಲ. ನನ್ನ ಮುಖ ನೋಡುತ್ತಾಳೆ, ಸಂಜೆ ಹಟ್ಟಿಗೆ ನುಗ್ಗುವ ಹಿಂಡಿನಲ್ಲಿ ಯಾವುದು ಬಂದಿಲ್ಲ ಎಂದು ನೋಡುವ ಹಾಗೆ. ಆಮೇಲೆ ಕದಿರು ತಿರುಗಿಸುತ್ತಾಳೆ.

“ಆಗಲಿ ತಗೋ. ಮುಂದಿನ ಸಂತಿಗಿ ತಾ.”